ಚಾರ್ಜ್‌ಶೀಟ್ ಬಿತ್ತಾ ಅಂತ ಕೇಳಿದರೆ ಸಾಲದು, ಫೈಲ್ ಎಲ್ಲಿದೆ ಅಂತಲೂ ಕೇಳಿ

ಮಾನ್ಯ ಸಂಪಾದಕರೇ,

ಗಣಿ ಹಗರಣದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದ ದಿನ ನಮ್ಮ ಹೋಟೆಲಿನಲ್ಲಿ ಎರಡು ಪಂಗಡ ಆಗುತ್ತದೆ. ‘ಈ ಸಲ ಬಿಡಲ್ಲ ನೋಡಿ, ಒಳಗೆ ಹಾಕೇ ಹಾಕ್ತಾರೆ’ ಅನ್ನುವವರು ಒಂದು ಕಡೆ. ‘ಏನೂ ಆಗಲ್ಲ ಮಾರಾಯ್ರೆ, ದೊಡ್ಡವರಿಗೆಲ್ಲಿ ಶಿಕ್ಷೆ’ ಅನ್ನುವವರು ಇನ್ನೊಂದು ಕಡೆ. ಇವರು ಕಾಯಂ ಅಲ್ಲ. ಯಾವ ಪಕ್ಷದವರ ಹೆಸರು ಬಂದಿದೆ ಎಂಬುದನ್ನು ನೋಡಿಕೊಂಡು ಈ ಬೆಂಚಿನವರು ಆ ಬೆಂಚಿಗೆ ಹೋಗುತ್ತಾರೆ. ಚಹಾ ಮಾತ್ರ ಎರಡೂ ಕಡೆ ಜಾಸ್ತಿ ಖರ್ಚಾಗುತ್ತದೆ, ಅದರಲ್ಲಿ ನನಗೆ ನಷ್ಟವಿಲ್ಲ.

ಇಬ್ಬರೂ ನೋಡುತ್ತಿರುವುದು ತಪ್ಪು ಜಾಗವನ್ನು ಎಂದು ನನಗೆ ಅನ್ನಿಸಿದೆ. ಅದಕ್ಕೇ ಈ ಪತ್ರ.

ನಮ್ಮದು ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಮೇಲಿನ ಊರು. ಹೊಸಪೇಟೆ, ಸಂಡೂರು ಕಡೆಯ ಅದಿರು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದದ್ದು ಇದೇ ರಸ್ತೆಯಲ್ಲಿ. ಅರಬೈಲ್ ಘಟ್ಟದಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಹಿಂದೆ ಎಷ್ಟು ದೂರ ಸಾಲು ಹತ್ತಿದೆ ಅಂತ ಹೇಳುವವರಿರಲಿಲ್ಲ. ಊಟಕ್ಕೆ ಇಳಿದ ಡ್ರೈವರುಗಳು ಕೈ ತೊಳೆದರೆ ಮೋರಿಯಲ್ಲಿ ಕೆಂಪು ನೀರು. ‘ಎಷ್ಟು ಟನ್ ಇದೆ?’ ಅಂತ ಸುಮ್ನೆ ಕೇಳಿದರೆ ನಗುತ್ತಿದ್ದರು. ‘ಪರ್ಮಿಟ್‌ನಲ್ಲಿ ಎಷ್ಟಿದೆ ಹೇಳ್ಲಾ, ಗಾಡಿಯಲ್ಲಿ ಎಷ್ಟಿದೆ ಹೇಳ್ಲಾ?’ ಅಂತ ಒಬ್ಬ ನನ್ನನ್ನೇ ಕೇಳಿದ್ದ. ಹಗರಣ ಅಂದರೇನು ಅಂತ ನಮಗೆ ಯಾರೂ ವರದಿ ಬರೆದು ತಿಳಿಸಬೇಕಿರಲಿಲ್ಲ.

ಆದರೂ ವರದಿ ಬಂದಾಗ ಖುಷಿಯಾಗಿತ್ತು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರು ಎರಡನೇ ವರದಿ ಕೊಟ್ಟರು. ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಎಂದು ಅದರಲ್ಲಿತ್ತು. ಎರಡು ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಜುಲೈ 31ಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ. ಸೆಪ್ಟೆಂಬರ್ 5ರ ಬೆಳಿಗ್ಗೆ ಸಿಬಿಐನವರು ಗಣಿ ಧಣಿ, ಮಾಜಿ ಸಚಿವ ಜನಾರ್ದನ ರೆಡ್ಡಿಯವರನ್ನು ಬಳ್ಳಾರಿಯ ಮನೆಯಿಂದಲೇ ಕರೆದೊಯ್ದರು. ಅಕ್ಟೋಬರ್‌ನಲ್ಲಿ ಯಡಿಯೂರಪ್ಪನವರೂ ಜೈಲಿಗೆ ಹೋದರು, ಅದು ಬೇರೆಯದೇ ಒಂದು ಜಮೀನು ಕೇಸಿನಲ್ಲಿ. ಮೂರು ತಿಂಗಳಲ್ಲಿ ಇಷ್ಟು. ಆಗ ಅನುಮಾನದ ಬೆಂಚು ಖಾಲಿಯಾಗಿತ್ತು. ಹಗರಣ ಮುಗಿಯಿತು, ಇನ್ನೇನಿದ್ದರೂ ಶಿಕ್ಷೆ ಎಷ್ಟು ವರ್ಷ ಅನ್ನುವುದೊಂದೇ ಲೆಕ್ಕ ಅಂತ ನಾವೆಲ್ಲ ತಿಳಿದಿದ್ದೆವು.

ಮುಂದಿನದನ್ನೂ ನೋಡಿ. ಗಣಿ ವಿಚಾರದಲ್ಲಿ ಯಡಿಯೂರಪ್ಪನವರ ಮೇಲಿದ್ದ ಲೋಕಾಯುಕ್ತ ಎಫ್‌ಐಆರ್ 2012ರ ಮಾರ್ಚ್‌ನಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಿಬಿಐ ತನಿಖೆಗೆ ಹೇಳಿತು. ಸಿಬಿಐ ಚಾರ್ಜ್‌ಶೀಟ್ ಹಾಕಿತು. 2016ರ ಅಕ್ಟೋಬರ್‌ನಲ್ಲಿ ಸಿಬಿಐ ವಿಶೇಷ ಕೋರ್ಟ್ ಎಲ್ಲ ಆರೋಪಿಗಳನ್ನೂ ಖುಲಾಸೆ ಮಾಡಿತು. ಕೋರ್ಟ್ ಬಿಟ್ಟ ಮೇಲೆ ಬಿಟ್ಟಂತೆ, ಅದನ್ನು ಒಪ್ಪಲೇಬೇಕು. ಬಿಡುಗಡೆ ಅಂದರೆಲ್ಲ ಒಳಒಪ್ಪಂದ ಅಂತ ನಾನು ಹೇಳುವವನಲ್ಲ. ಆದರೆ ಬಂಧನದ ದಿನ ಟಿವಿ ಮುಂದಿನಿಂದ ಏಳದೇ ಇದ್ದವರಲ್ಲಿ ಎಷ್ಟು ಜನಕ್ಕೆ ಆ ಖುಲಾಸೆ ಯಾಕೆ ಆಯಿತು, ಯಾವ ಸಾಕ್ಷ್ಯ ಸಾಲಲಿಲ್ಲ ಎಂದು ಗೊತ್ತು? ನಮ್ಮ ಹೋಟೆಲಿನಲ್ಲಂತೂ ಒಬ್ಬರಿಗೂ ಗೊತ್ತಿಲ್ಲ.

ರೆಡ್ಡಿಯವರ ಕೇಸಿನಲ್ಲಿ ಜಾಮೀನು ಕೊಡಲು ಲಂಚ ಪಡೆದ ಆರೋಪದ ಮೇಲೆ 2012ರಲ್ಲಿ ಹೈದರಾಬಾದಿನ ಸಿಬಿಐ ಕೋರ್ಟಿನ ನ್ಯಾಯಾಧೀಶರೇ ಅಮಾನತಾದರು. ರೆಡ್ಡಿಯವರ ಗಣಿ ಕಂಪನಿಯ, ಅಂದರೆ ಓಬಳಾಪುರಂ ಕೇಸಿನ ತೀರ್ಪು ಬಂದದ್ದು 2025ರ ಮೇ 6ಕ್ಕೆ, ಬಂಧನವಾಗಿ ಹದಿಮೂರು ವರ್ಷ ದಾಟಿದ ಮೇಲೆ. ಏಳು ವರ್ಷ ಶಿಕ್ಷೆ, ಶಾಸಕ ಸ್ಥಾನವೂ ಹೋಯಿತು. ಒಂದು ಬೆಂಚಿನವರು ‘ನೋಡಿದ್ರಾ?’ ಅಂದರು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ‘ನೋಡಿದ್ರಾ?’ ಅನ್ನುವ ಸರದಿ ಇನ್ನೊಂದು ಬೆಂಚಿನವರದ್ದಾಯಿತು.

ನಮ್ಮ ಬೇಲೆಕೇರಿಯದ್ದೂ ಇದೇ ಕಥೆ. 2010ರಲ್ಲಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಅದಿರಿನಲ್ಲಿ ಲಕ್ಷಗಟ್ಟಲೆ ಟನ್ ಹಡಗು ಹತ್ತಿ ಹೋಯಿತು. ಜಪ್ತಿ ಮಾಡಿದ್ದ ಅರಣ್ಯಾಧಿಕಾರಿಯನ್ನೇ ಸರ್ಕಾರ ಅಮಾನತು ಮಾಡಹೊರಟಿತ್ತು. ಅದನ್ನು ವಿರೋಧಿಸಿಯೇ ಹೆಗ್ಡೆಯವರು ಆ ವರ್ಷದ ಜೂನ್‌ನಲ್ಲಿ ರಾಜೀನಾಮೆ ಕೊಟ್ಟು, ಆಮೇಲೆ ಹಿಂದಕ್ಕೆ ಪಡೆದದ್ದು. ಈ ಬೇಲೆಕೇರಿ ಅದಿರಿನ ಕೇಸಿನಲ್ಲಿ ಕಾರವಾರದ ಶಾಸಕ ಸತೀಶ್ ಸೈಲ್ ಅವರಿಗೆ 2024ರ ಅಕ್ಟೋಬರ್‌ನಲ್ಲಿ ಏಳು ವರ್ಷ ಶಿಕ್ಷೆಯಾಯಿತು. ಮರು ತಿಂಗಳೇ ಹೈಕೋರ್ಟ್ ಅದನ್ನು ಅಮಾನತಿನಲ್ಲಿಟ್ಟಿತು.

ಹಾಗಾದರೆ ಅನುಮಾನದ ಬೆಂಚಿನವರೇ ಗೆದ್ದರಾ? ನನಗೆ ಹಾಗೆ ಅನ್ನಿಸುವುದಿಲ್ಲ. ‘ಏನೂ ಆಗಲ್ಲ’ ಅನ್ನುವುದು ಆರೋಪ ಹೊತ್ತವರಿಗೆ ತುಂಬಾ ಅನುಕೂಲದ ಮಾತು. ಏನೂ ಆಗಲ್ಲ ಅಂತ ಮೊದಲೇ ತೀರ್ಮಾನ ಮಾಡಿದವನು ಏನಾಯ್ತು ಅಂತ ವಿಚಾರಿಸುವುದಿಲ್ಲ. ಆಸೆ ಇಟ್ಟುಕೊಂಡವನೂ ಬಂಧನದ ಫೋಟೋ ನೋಡಿ ಮನೆಗೆ ಹೋಗುತ್ತಾನೆ. ಅದಾದ ಮೇಲೆ ಕೇಸು ನಡೆಯುವ ವರ್ಷಗಳಲ್ಲಿ ಅದನ್ನು ಗಮನಿಸುವವರು ಇಬ್ಬರಲ್ಲಿ ಒಬ್ಬರೂ ಇರುವುದಿಲ್ಲ.

ಚಾರ್ಜ್‌ಶೀಟ್ ಅಂದರೆ ಪೊಲೀಸರ ಮಾತು ಅಷ್ಟೇ. ಆರೋಪಿ ಜೈಲಿನಲ್ಲಿದ್ದಾಗ 60 ಅಥವಾ 90 ದಿನದೊಳಗೆ ಅದನ್ನು ಹಾಕದಿದ್ದರೆ ಅವನಿಗೆ ಜಾಮೀನು ಸಿಗುತ್ತದೆ ಅಂತ ತರಾತುರಿಯಲ್ಲಿ ಹಾಕುವುದೂ ಉಂಟು. ಅದು ಬಿದ್ದ ಮೇಲೆ ಕೈಬಿಡಿ ಅಂತ ಆರೋಪಿಯ ಅರ್ಜಿ, ಕೇಸೇ ರದ್ದು ಮಾಡಿ ಅಂತ ಹೈಕೋರ್ಟಿಗೆ ಇನ್ನೊಂದು ಅರ್ಜಿ, ತಡೆಯಾಜ್ಞೆ. ಇದೆಲ್ಲ ದಾಟಿದರೆ ಕೋರ್ಟು ಆರೋಪ ನಿಗದಿ ಮಾಡುತ್ತದೆ. ಅಷ್ಟರಲ್ಲಿ ಸಾಕ್ಷಿ ಹೇಳಬೇಕಾದ ಗುಮಾಸ್ತರು ನಿವೃತ್ತರಾಗಿ ಊರು ಸೇರಿರುತ್ತಾರೆ.

ಇದಕ್ಕೂ ಮುಂಚಿನ ಬಾಗಿಲೇ ಪ್ರಾಸಿಕ್ಯೂಷನ್ ಅನುಮತಿ. ಅಧಿಕಾರದಲ್ಲಿರುವವರ ಮೇಲೆ ಭ್ರಷ್ಟಾಚಾರದ ಕೇಸು ನಡೆಸಲು ಮೇಲಿನವರ ಒಪ್ಪಿಗೆ ಬೇಕು. 2018ರ ತಿದ್ದುಪಡಿಯ ನಂತರ ಅಧಿಕಾರ ಬಿಟ್ಟವರಿಗೂ, ಆಗಿನ ಕೆಲಸದ ವಿಚಾರಕ್ಕೆ, ಇದು ಬೇಕು. ಅನುಮತಿ ಬಗ್ಗೆ ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು, ಕಾನೂನು ಸಲಹೆ ಬೇಕಿದ್ದರೆ ಇನ್ನೊಂದು ತಿಂಗಳು. ಈ ಗಡುವು ಪಾಲಿಸಲೇಬೇಕಾದ್ದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಡವಾಯಿತು ಅಂತ ಕೇಸು ರದ್ದಾಗುವುದಿಲ್ಲ, ತಡ ಮಾಡಿದವರು ಉತ್ತರ ಕೊಡಬೇಕು ಎಂದೂ ಹೇಳಿತು.

ನಡೆಯುವುದು ಹೇಗೆ ಅಂತ 2024ರಲ್ಲಿ ನಾವೇ ನೋಡಿದೆವಲ್ಲ. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ನಿವೇಶನದ ವಿಚಾರದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ವಿರುದ್ಧ ರಾಜ್ಯಪಾಲರ ಅನುಮತಿ ಆಗಸ್ಟ್‌ನಲ್ಲಿ ಬಂತು, ದೂರು ಬಂದ ಕೆಲವೇ ವಾರಗಳಲ್ಲಿ. ಕುಮಾರಸ್ವಾಮಿ ಅವರು ಮುಖ್ಯಮಂತ್ರಿಯಾಗಿದ್ದ ಕಾಲದ ಒಂದು ಗಣಿ ಗುತ್ತಿಗೆಯ ಬಗ್ಗೆ ವಿಶೇಷ ತನಿಖಾ ತಂಡ (ಎಸ್‌ಐಟಿ) 2023ರ ನವೆಂಬರ್‌ನಲ್ಲೇ ಕೇಳಿದ್ದ ಅನುಮತಿ ಮಾತ್ರ ಸ್ಪಷ್ಟನೆ ಕೇಳುವುದರಲ್ಲೇ ಇತ್ತು. ಅವರು ಆರೋಪವನ್ನು ಒಪ್ಪಿಲ್ಲ, ಅದು ಬೇರೆ ಮಾತು. ಮುಡಾ ಕೇಸಿನಲ್ಲೂ ಸಾಕ್ಷ್ಯ ಇಲ್ಲ ಅಂತ ಲೋಕಾಯುಕ್ತ ಪೊಲೀಸರು 2025ರ ಫೆಬ್ರುವರಿಯಲ್ಲಿ ಮುಖ್ಯಮಂತ್ರಿಯವರ ಪರವಾಗಿ ಬಿ ರಿಪೋರ್ಟ್ (ಕೇಸು ಮುಗಿಸುವ ವರದಿ) ಕೊಟ್ಟರು. ನಾನು ಕೇಳುತ್ತಿರುವುದು ಇವರಲ್ಲಿ ಯಾರು ತಪ್ಪಿತಸ್ಥರು ಅಂತಲ್ಲ. ಒಂದು ಫೈಲ್ ಓಡುತ್ತದೆ, ಇನ್ನೊಂದು ಕೂತಿರುತ್ತದೆ, ಯಾಕೆ ಅಂತ ನಮಗೆ ಹೇಳುವವರಿಲ್ಲ. ಆರೋಪ ಸುಳ್ಳಾಗಿದ್ದರೆ, ವರ್ಷಗಟ್ಟಲೆ ಅದನ್ನು ಹೊತ್ತು ತಿರುಗುವವರಿಗೂ ಇದು ಅನ್ಯಾಯವೇ ಅಲ್ವಾ?

ಸಿದ್ದರಾಮಯ್ಯನವರು 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 320 ಕಿಲೋಮೀಟರ್ ನಡೆದದ್ದು ಇದೇ ಗಣಿ ವಿಚಾರಕ್ಕೆ. ಮೂರು ವರ್ಷಕ್ಕೆ ಅಧಿಕಾರವೂ ಬಂತು, ಎಸ್‌ಐಟಿಯೂ ಆಯಿತು. 2025ರಲ್ಲಿ ಅವರದೇ ಸಂಪುಟದ ಎಚ್.ಕೆ. ಪಾಟೀಲರು, ಗಣಿ ಪ್ರಕರಣಗಳಲ್ಲಿ ತನಿಖೆ ಆಗಿರುವುದೇ ತೀರಾ ಸ್ವಲ್ಪ ಎಂದು ಮುಖ್ಯಮಂತ್ರಿಗೆ ಪತ್ರ ಬರೆದರು. ಆ ಪತ್ರವನ್ನು ನಾನು ಹೋಟೆಲಿನಲ್ಲಿ ಗಟ್ಟಿಯಾಗಿ ಓದಿದೆ. ಎರಡೂ ಬೆಂಚು ಸುಮ್ಮನಿತ್ತು.

ಸರ್ಕಾರಕ್ಕೆ ನನ್ನ ಕೋರಿಕೆ ಒಂದೇ. ಅನುಮತಿ ಕೇಳಿ ಬಂದಿರುವ ಫೈಲುಗಳ ಪಟ್ಟಿಯನ್ನು ವೆಬ್‌ಸೈಟಿನಲ್ಲಿ ಹಾಕಿ. ಯಾರು ಕೇಳಿದ್ದು, ಯಾವ ದಿನ ಬಂತು, ಈಗ ಯಾರ ಮೇಜಿನ ಮೇಲಿದೆ, ನಾಲ್ಕು ತಿಂಗಳು ಎಂದಿಗೆ ಮುಗಿಯುತ್ತದೆ, ಅಷ್ಟು ಸಾಕು. ಸಾಕ್ಷ್ಯದ ಗುಟ್ಟು ಬಿಟ್ಟುಕೊಡಿ ಅಂತ ಯಾರೂ ಕೇಳುತ್ತಿಲ್ಲ. ನಮ್ಮ ರೇಷನ್ ಕಾರ್ಡ್ ಅರ್ಜಿ ಎಲ್ಲಿದೆ ಅಂತ ಮೊಬೈಲ್‌ನಲ್ಲಿ ನೋಡಬಹುದಾದರೆ ಇದನ್ನೂ ನೋಡಬಹುದು.

ನಿಮ್ಮಲ್ಲೂ ಒಂದು ಕೇಳಬೇಕು, ತಪ್ಪು ತಿಳಿಯಬೇಡಿ. ಬಂಧನಕ್ಕೆ ಮುಖಪುಟ ಕೊಡುತ್ತೀರಿ. ವಾಯಿದೆ ಮುಂದೆ ಹೋದದ್ದಕ್ಕೆ ಒಂದು ಸಾಲೂ ಇರುವುದಿಲ್ಲ. ವಾರಕ್ಕೊಮ್ಮೆ, ಒಳಪುಟದಲ್ಲಿ ಪೇಟೆ ಧಾರಣೆಯ ಪಕ್ಕದಲ್ಲಾದರೂ ಸರಿ, ದೊಡ್ಡ ಭ್ರಷ್ಟಾಚಾರದ ಕೇಸುಗಳ ಸ್ಥಿತಿ ಹಾಕಿ: ಯಾವ ಕೋರ್ಟು, ಈ ವಾರ ಏನಾಯಿತು, ಮುಂದೆ ಹಾಕಿ ಅಂತ ಕೇಳಿದವರು ಯಾರು, ಮುಂದಿನ ತಾರೀಕು ಯಾವುದು. ಅಡಿಕೆ ರೇಟು ನೋಡುವವರು ಅದನ್ನೂ ನೋಡುತ್ತಾರೆ. ಕತ್ತರಿಸಿ ಗಲ್ಲಾಪೆಟ್ಟಿಗೆ ಹಿಂದಿನ ಗೋಡೆಗೆ ಅಂಟಿಸುವ ಕೆಲಸ ನನ್ನದು.

– ಹೆದ್ದಾರಿ ಬದಿಯ ಹೋಟೆಲಿನ ಓದುಗ, ಯಲ್ಲಾಪುರ