ಕೆಂಪು ಗೆರೆಯ ಕೆಳಗೆ ಕಂಡದ್ದು

ಪ್ರೀತಿಯ ಪುಟ್ಟಿ,

ಎರಡನೇ ತರಗತಿಯ ಮೊದಲ ಅವಧಿ ಮುಗಿದು ನಿನ್ನ ಪ್ರಗತಿಪತ್ರ ಮನೆಗೆ ಬಂದಿದೆ. ಭಾಷೆ, ಗಣಿತ, ಪರಿಸರ, ಚಿತ್ರಕಲೆ ಎಂದು ಒಂದೊಂದಕ್ಕೂ ಒಂದೊಂದು ಮನೆ ಮಾಡಿ ಶ್ರೇಣಿ ಬರೆದಿದ್ದಾರೆ. ಓದಿದೆ, ಸಹಿ ಹಾಕಿದೆ. ನೀನು ಏನು ಕಲಿತೆ ಎಂಬುದು ಮಾತ್ರ ಅದರಿಂದ ಗೊತ್ತಾಗಲಿಲ್ಲ. ಹಾಗಾಗಿ ನಿನ್ನ ಪುಸ್ತಕಗಳನ್ನೆಲ್ಲ ಹರವಿಕೊಂಡು ಕುಳಿತೆ. ಸರಿ ಗುರುತು ಬಿದ್ದ ಪುಟಗಳನ್ನು ಬೇಗಬೇಗ ತಿರುವಿದೆ. ಅವು ಎಲ್ಲ ಮಕ್ಕಳ ಪುಸ್ತಕದಲ್ಲೂ ಒಂದೇ ಥರ ಇರುತ್ತವೆ. ಕೆಂಪು ಗೆರೆ ಬಿದ್ದ ಕಡೆಗಳಲ್ಲಿ ನಿಂತು ನೋಡಿದೆ. ನೀನು ಹೇಗೆ ಯೋಚಿಸಿದೆ ಎಂಬುದು ತಿಳಿಯುವುದು ಅಲ್ಲೇ.

ಗಣಿತದಿಂದ ಶುರು ಮಾಡುತ್ತೇನೆ. 52ರಲ್ಲಿ 27 ಕಳೆದು 35 ಎಂದು ಬರೆದಿದ್ದೀಯ. ಇದು ಬಾಯಿಗೆ ಬಂದ ಉತ್ತರವಲ್ಲ. ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲವೆಂದು ಕಂಡು, ತಿರುಗಿಸಿ 7ರಿಂದ 2 ಕಳೆದೆ, 5 ಬಂತು. ಹತ್ತರ ಸ್ಥಾನದಲ್ಲಿ 5ರಿಂದ 2 ಹೋಗಿ 3. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಒಂದನೇ ತರಗತಿಯಲ್ಲಿ ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದೀಯ! ಕೆಲವು ಪುಟಗಳ ನಂತರ ಅದೇ ಜಾತಿಯ ಲೆಕ್ಕದಲ್ಲಿ 5ರ ಮೇಲೆ ಗೀಟೆಳೆದು 4 ಮಾಡಿ, ಪಕ್ಕದ 2ನ್ನು 12 ಮಾಡಿದ್ದೀಯ. ಐದು ಹತ್ತು ಮತ್ತು ಎರಡು ಬಿಡಿ ಎಂದರೂ ಒಂದೇ, ನಾಲ್ಕು ಹತ್ತು ಮತ್ತು ಹನ್ನೆರಡು ಬಿಡಿ ಎಂದರೂ ಒಂದೇ ಎಂಬುದು ಆ ಎರಡು ಪುಟಗಳ ನಡುವೆ ಎಲ್ಲೋ ನಿನಗೆ ಹೊಳೆದಿದೆ. ಸಂಖ್ಯೆಯನ್ನು ಕೆಡಿಸದೆ ಅದನ್ನು ಬೇಕಾದಂತೆ ಬಿಡಿಸಿಕೊಳ್ಳುವ ಈ ವಿದ್ಯೆ ಮುಂದೆ ಭಾಗಾಕಾರಕ್ಕೂ ಬೇಕು, ದಶಮಾಂಶಕ್ಕೂ ಬೇಕು.

ಇನ್ನೊಂದು ತಪ್ಪು ಇನ್ನೂ ಹಾಗೇ ಇದೆ. 8 + 4 = □ + 5 ಎಂಬಲ್ಲಿ ಚೌಕದೊಳಗೆ 12 ತುಂಬಿದ್ದೀಯ. ಸಮ ಚಿಹ್ನೆ ಕಂಡಾಗಲೆಲ್ಲ ಅದರ ಮುಂದೆ ಉತ್ತರ ಬರೆದೇ ರೂಢಿಯಾದ್ದರಿಂದ ನಿನ್ನ ಪಾಲಿಗೆ ಅದು ‘ಈಗ ಉತ್ತರ ಬರೆ’ ಎಂಬ ಅಪ್ಪಣೆಯಾಗಿಬಿಟ್ಟಿದೆ. ಅದರ ಎರಡೂ ಕಡೆ ತಕ್ಕಡಿಯ ಹಾಗೆ ಸರಿತೂಗಬೇಕು. ಎಡಗಡೆ 12 ಇದೆ, ಬಲಗಡೆ ಆಗಲೇ 5 ಕುಳಿತಿದೆ. ಉಳಿದದ್ದನ್ನು ನಾನು ಹೇಳುವುದಿಲ್ಲ.

ಕನ್ನಡದ ಪುಸ್ತಕದ ತುಂಬ ಒತ್ತಕ್ಷರಗಳ ಕಾಟ. ‘ಸೂರ್ಯ’ ಬರೆಯಲು ಹೋಗಿ ‘ರ’ ಬರೆದು, ಅದರ ಕೆಳಗೆ ‘ಯ’ದ ಒತ್ತು ಕೊಟ್ಟಿದ್ದೀಯ. ಪಠ್ಯಪುಸ್ತಕದಲ್ಲಿ ಅರ್ಕಾವತ್ತು ಇದೆ, ಆದ್ದರಿಂದ ಗೆರೆ ಬಿದ್ದಿದೆ. ಬಾಯಲ್ಲಿ ಮೊದಲು ಬರುವ ಸದ್ದು ಬರವಣಿಗೆಯಲ್ಲಿ ಹಿಂದೆ ಹೋಗಿ ಕೂರುವುದು ಅರ್ಕಾವತ್ತಿನ ಸ್ವಭಾವ. ನೀನು ಕಿವಿಗೆ ಕೇಳಿದ ಸಾಲಿನಲ್ಲೇ ಬರೆದೆ. ಹಾಗೆ ಬರೆಯುವ ದೊಡ್ಡವರೂ ಇದ್ದಾರೆ. ನನ್ನನ್ನು ಕೇಳಿದರೆ ಅಲ್ಲಿ ಗೆರೆ ಬೇಕಿರಲಿಲ್ಲ. ಓದಿನ ವಿಷಯ ಹೆಚ್ಚು ಹೇಳುವುದಿಲ್ಲ. ಅಕ್ಷರ ಅಕ್ಷರಕ್ಕೂ ಬೆರಳಿಡುತ್ತಿದ್ದವಳು ಈಗ ಪದವನ್ನು ಇಡಿಯಾಗಿ ನೋಡುತ್ತೀಯ, ಪ್ರಶ್ನಾರ್ಥಕ ಚಿಹ್ನೆ ಬಂದರೆ ದನಿ ಏರಿಸುತ್ತೀಯ.

ನನಗೆ ತುಂಬ ಹಿಡಿಸಿದ್ದು ಪರಿಸರದ ಪುಸ್ತಕದಲ್ಲಿ ಕಾಳು ಮೊಳೆಸಿದ ಪುಟ. ಒದ್ದೆ ಹತ್ತಿಯ ಮೇಲೆ ಕಾಳಿಟ್ಟು ಒಂದು ಬಟ್ಟಲನ್ನು ಕಿಟಕಿಯ ಬಳಿ, ಇನ್ನೊಂದನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟಿದ್ದಿರಿ. ದಿನವೂ ಅಳತೆಪಟ್ಟಿ ಹಿಡಿದು ಎತ್ತರ ಬರೆದುಕೊಂಡಿದ್ದೀಯ. ‘ಯಾವುದು ಚೆನ್ನಾಗಿ ಬೆಳೆಯಿತು?’ ಎಂಬ ಪ್ರಶ್ನೆಗೆ ‘ಕತ್ತಲೆಯದು, ಏಕೆಂದರೆ ಅದು ಉದ್ದ ಇದೆ’ ಎಂದು ಉತ್ತರ. ಅಳತೆಯೇನೂ ಸುಳ್ಳಲ್ಲ. ಕತ್ತಲೆಯಲ್ಲಿಟ್ಟ ಸಸಿ ಬೆಳಕು ಸಿಗುವ ತನಕ ಕಾಂಡವನ್ನು ಚಾಚುತ್ತಲೇ ಹೋಗುತ್ತದೆ. ಅದಕ್ಕೆ ಬೇಕಾದ ಆಹಾರ ಕಾಳಿನ ಎರಡು ದಳಗಳಲ್ಲಿ ಮೊದಲೇ ತುಂಬಿರುತ್ತದೆ. ಮಣ್ಣಿಲ್ಲದೆ, ಬೆಳಕಿಲ್ಲದೆ ಮೊಳಕೆ ಬಂದದ್ದು ಹಾಗೆ. ಆ ದಾಸ್ತಾನು ಮುಗಿದ ಮೇಲೆ ಸಸಿ ಸೊರಗಿ ಸಾಯುತ್ತದೆ. ನೀನೇ ಬಿಡಿಸಿದ ಚಿತ್ರ ನೋಡು. ಕಿಟಕಿಯ ಸಸಿಗೆ ಹಸಿರು ಬಳಿದಿದ್ದೀಯ, ಪೆಟ್ಟಿಗೆಯದಕ್ಕೆ ತೆಳು ಹಳದಿ. ಬೆಳಕಿಲ್ಲದೆ ಎಲೆ ಹಸಿರಾಗುವುದಿಲ್ಲ ಎಂಬುದು ನಿನ್ನ ಬಣ್ಣದ ಪೆನ್ಸಿಲಿಗೆ ಗೊತ್ತಾಗಿತ್ತು. ಉತ್ತರ ಬರೆಯುವಾಗ ಮಾತ್ರ ಅಳತೆಪಟ್ಟಿಯ ಮಾತು ಕೇಳಿದೆ. ಎತ್ತರವನ್ನು ಅಳೆಯುವುದು ಸುಲಭ ನೋಡು. (ಪ್ರಗತಿಪತ್ರ ಮಾಡುವವರದೂ ಇದೇ ಕಥೆ, ಇರಲಿ.)

ಇನ್ನು ತರಗತಿಯ ನಕ್ಷೆ. ಛಾವಣಿಯ ಮೇಲಿಂದ ಇಣುಕಿದರೆ ಹೇಗೆ ಕಾಣುತ್ತದೋ ಹಾಗೆ ಬರೆಯಿರಿ ಎಂದಿದ್ದಾರೆ. ಬಾಗಿಲು, ಕಪ್ಪುಹಲಗೆ, ಕಿಟಕಿ ಎಲ್ಲ ತಮ್ಮ ತಮ್ಮ ಜಾಗದಲ್ಲಿವೆ. ಮೇಜು ಮಾತ್ರ ನಾಲ್ಕೂ ಕಾಲುಗಳನ್ನು ನಾಲ್ಕು ದಿಕ್ಕಿಗೆ ಚಾಚಿಕೊಂಡು ಬಿದ್ದಿದೆ. ಮೇಲಿಂದ ನೋಡಿದರೆ ಕಾಲು ಕಾಣುವುದಿಲ್ಲ, ನಿಜ. ಆದರೆ ಮೇಜಿಗೆ ಕಾಲಿದೆ ಎಂದು ಗೊತ್ತಿದ್ದೂ ಬಿಟ್ಟುಬಿಡುವುದು ಹೇಗೆ ಎಂಬ ನಿನ್ನ ಸಂಕಟ ನನಗೆ ಅರ್ಥವಾಯಿತು. ಗೊತ್ತಿರುವುದನ್ನು ಬದಿಗಿಟ್ಟು ಒಂದು ಜಾಗದಿಂದ ಕಾಣುವುದನ್ನಷ್ಟೇ ಬರೆಯುವುದು ನಕ್ಷೆಯ ಕಟ್ಟುನಿಟ್ಟು. ಚಿತ್ರಕ್ಕೆ ಆ ಕಟ್ಟುನಿಟ್ಟಿಲ್ಲ. ಅಲ್ಲಿ ಕಾಲುಗಳು ಇರಲಿ.

ಆಟದ ಅವಧಿಯ ಬಗ್ಗೆ ಪುಸ್ತಕದಲ್ಲಿ ಏನೂ ಇಲ್ಲ. ಸರದಿ ಬರುವ ತನಕ ಕಾಯುವುದು, ಔಟಾದರೆ ಜಗಳವಾಡದೆ ಹೊರಗೆ ಬರುವುದು ಇವನ್ನೂ ಅಲ್ಲಿ ಕಲಿಸುತ್ತಾರಂತೆ. ಮೊದಲನೆಯದು ನಿನಗೆ ಬಂದಿದೆ.

ಮುಂದಿನ ಅವಧಿಯಲ್ಲಿ ಮಗ್ಗಿ ಶುರು. ಬಾಯಿಪಾಠವೇ ಬೇಡ ಎನ್ನುವವರ ಪೈಕಿ ನಾನಲ್ಲ. ಮಗ್ಗಿ ಬಾಯಿಗೆ ಬಂದರೆ ದೊಡ್ಡ ಲೆಕ್ಕಗಳಲ್ಲಿ ತಲೆ ಬೇರೆ ಕೆಲಸಕ್ಕೆ ಬಿಡುವಾಗಿರುತ್ತದೆ. ಆದರೆ ಒಂದರಿಂದ ಹತ್ತರವರೆಗಿನ 100 ಗುಣಾಕಾರಗಳನ್ನು ಕಂಡು ಹೆದರಬೇಡ. ಗುಂಡಿಗಳ ಡಬ್ಬಿ ತೆಗೆದು ಮೂರು ಸಾಲು ಮಾಡು, ಸಾಲಿಗೆ ನಾಲ್ಕರಂತೆ ಇಡು. ಈಗ ಎದ್ದು ಬಂದು ಪಕ್ಕದಿಂದ ನೋಡು. ನಾಲ್ಕು ಸಾಲು, ಸಾಲಿಗೆ ಮೂರು. ಗುಂಡಿಗಳು ಅವೇ. ಹೀಗೆ ಮೂರು ನಾಲ್ಕಲ ಹನ್ನೆರಡು ಬಂದರೆ ನಾಲ್ಕು ಮೂರಲ ಎಷ್ಟೆಂದು ಬೇರೆ ಕಲಿಯಬೇಕಿಲ್ಲ. 100ರಲ್ಲಿ 45 ಪುಕ್ಕಟೆ ಸಿಕ್ಕಿ 55 ಉಳಿಯುತ್ತವೆ. ಒಂದರ ಮಗ್ಗಿ, ಹತ್ತರ ಮಗ್ಗಿ ನಿನಗೆ ಆಗಲೇ ಬರುತ್ತವೆ. ಅವನ್ನೂ ತೆಗೆದರೆ ಎಷ್ಟು ಉಳಿಯಿತೆಂದು ಲೆಕ್ಕ ಹಾಕಿ ಈ ಕಾಗದದ ಹಿಂದೆ ಬರೆದಿಡು.

ನಿನ್ನ
ಅಪ್ಪ