ಕುದುರೆಯಲ್ಲಿ ಹತ್ತನೇ ಒಂದು ಪಾಲು

ಕೇಂಬ್ರಿಡ್ಜ್
ಫೆಬ್ರವರಿ 8

ತೀರ್ಥರೂಪರಾದ ಅಪ್ಪನಿಗೆ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ಅಮ್ಮನ ಮಂಡಿ ನೋವು ಕಡಿಮೆಯಾಗಿದೆ ಅಂತ ತಂಗಿ ಹೇಳಿದಳು. ಸಮಾಧಾನವಾಯಿತು. ನಾನು ಕುದುರೆ ಕೊಂಡ ಸುದ್ದಿ ಕೇಳಿ ನೀವು ಫೋನನ್ನು ಅಮ್ಮನ ಕೈಗೆ ಕೊಟ್ಟು ಎದ್ದು ಹೋದಿರಂತೆ. "ಸಾಲ ಸೋಲ ಮಾಡಿ ಓದಿಸಿದ್ದು ಕುದುರೆ ಬಾಲಕ್ಕೆ ದುಡ್ಡು ಕಟ್ಟೋಕಾ" ಅಂದಿರಂತೆ. ಇದನ್ನೆಲ್ಲ ಫೋನಿನಲ್ಲಿ ಹೇಳಲು ಹೋದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದಿ, ಆಮೇಲೆ ಬೈಯಿರಿ.

ನಾನು ಬಾಜಿ ಕಟ್ಟುವುದಿಲ್ಲ ಅಪ್ಪ. ಒಂದು ಪೌಂಡೂ ಕಟ್ಟಿಲ್ಲ. ಮತ್ತೆ ಆ ಕುದುರೆ ನನ್ನೊಬ್ಬಳದ್ದಲ್ಲ. ಹತ್ತು ಜನ ಸೇರಿ ಕೊಂಡಿದ್ದೇವೆ. ನನ್ನದು ಹತ್ತರಲ್ಲಿ ಒಂದು ಪಾಲು. ಇದಕ್ಕೆ ಇಲ್ಲಿ ಸಿಂಡಿಕೇಟ್ ಅನ್ನುತ್ತಾರೆ.

ಈ ಊರಿಗೆ ಬಂದ ಮೊದಲ ವರ್ಷ ನನಗೆ ಮಾತಾಡಲು ಯಾರೂ ಇರಲಿಲ್ಲ. ನಿಮಗೆ ಹೇಳಿರಲಿಲ್ಲ, ಸುಮ್ನೆ ಚಿಂತೆ ಮಾಡುತ್ತೀರಿ ಅಂತ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿದರೆ ಮನೆಗೆ ಹೋಗಲು ಮನಸ್ಸೇ ಬರುತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ರೈಲು ಹತ್ತಿ ಪಕ್ಕದ ನ್ಯೂಮಾರ್ಕೆಟ್‌ಗೆ ಹೋದೆ. ಅದು ಕುದುರೆಗಳದ್ದೇ ಊರು. ಸುಮಾರು ಮೂರು ಸಾವಿರ ರೇಸ್ ಕುದುರೆಗಳು ಅಲ್ಲಿವೆ. ರಸ್ತೆ ದಾಟಲು ಅವುಗಳಿಗೇ ಬೇರೆ ಸಿಗ್ನಲ್ ಇದೆ, ಸವಾರರು ಕೂತಲ್ಲಿಂದಲೇ ಕೈ ಚಾಚಿ ಒತ್ತುವಷ್ಟು ಎತ್ತರದಲ್ಲಿ ಗುಂಡಿ. ವಾರನ್ ಹಿಲ್ ಅಂತ ಒಂದು ದಿಣ್ಣೆ ಇದೆ. ಮಂಜಿನಲ್ಲಿ ಮೊದಲು ಗೊರಸಿನ ಸದ್ದು ಕೇಳುತ್ತದೆ, ಆಮೇಲೆ ಉಸಿರಿನ ಸದ್ದು, ಕೊನೆಗೆ ಕುದುರೆ ಕಾಣುತ್ತದೆ. ಆವತ್ತಿನಿಂದ ಪಾಳಿ ಮುಗಿದ ದಿನಗಳಲ್ಲಿ ಅಲ್ಲಿಗೆ ಹೋಗುವುದು ರೂಢಿಯಾಯಿತು.

ನನ್ನ ಹಾಗೇ ಬಂದು ಬೇಲಿ ಪಕ್ಕ ನಿಲ್ಲುವವರು ಕೆಲವರಿದ್ದರು. ರೈಲು ಓಡಿಸಿ ನಿವೃತ್ತರಾದ ಒಬ್ಬರು. ಶಾಲೆಯಲ್ಲಿ ಪಾಠ ಹೇಳುವ ಗಂಡ ಹೆಂಡತಿ. ಅಂಚೆ ಹಂಚುವ ಹುಡುಗ. ಗಂಡನನ್ನು ಕಳೆದುಕೊಂಡ ಒಬ್ಬ ಅಜ್ಜಿ, ಯಾವ ಕುದುರೆಯ ತಾಯಿ ಯಾವುದು ಅಂತ ನಾಲ್ಕು ತಲೆಮಾರು ಬಾಯಲ್ಲೇ ಹೇಳುತ್ತಾರೆ. ಎರಡು ವರ್ಷ ನಾವು ಸುಮ್ನೆ ನಿಂತು ನೋಡಿದ್ದೇವೆ ಅಪ್ಪ. ದುಡ್ಡಿನ ಮಾತು ಬಂದದ್ದು ಅದಾದ ಮೇಲೆ.

ಆ ಮಾತು ತೆಗೆದದ್ದು ಅಜ್ಜಿ. ಅವರು ವೇಲ್ಸ್‌ನ ಡ್ರೀಮ್ ಅಲಯನ್ಸ್ ಎಂಬ ಕುದುರೆಯ ವಿಷಯ ಹೇಳಿದರು. ಜ್ಯಾನ್ ವೋಕ್ಸ್ ಅಂತ ಒಬ್ಬ ಹೆಂಗಸು, ದೊಡ್ಡ ಅಂಗಡಿಯಲ್ಲಿ ಕ್ಲೀನರ್ ಕೆಲಸ ಮಾಡುತ್ತಿದ್ದವರು. ಅವರೂ ಅವರ ಗಂಡನೂ 350 ಪೌಂಡಿಗೆ ಒಂದು ಹೆಣ್ಣು ಕುದುರೆ ಕೊಂಡು, ತರಕಾರಿ ಬೆಳೆಯುವ ತುಂಡು ಜಾಗದಲ್ಲಿ ಅದರ ಮರಿಯನ್ನು ಸಾಕಿದರು. ಊರಿನ 23 ಜನ ವಾರಕ್ಕೆ 10 ಪೌಂಡ್ ಹಾಕಿ ಆ ಮರಿಯನ್ನು ರೇಸಿಗೆ ಪಳಗಿಸುವ ಟ್ರೈನರ್ ಹತ್ತಿರ ಬಿಟ್ಟರು. 2008ರಲ್ಲಿ ಅದರ ಕಾಲಿನ ಸ್ನಾಯುರಜ್ಜು ಹರಿಯಿತು. ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಕೈ ಬಿಡುತ್ತಿದ್ದರು. ಇವರು ಜೀವಕೋಶಗಳಿಂದ ಗಾಯ ವಾಸಿ ಮಾಡುವ ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಿ ಕಾದರು. ಅದೇ ಕುದುರೆ 2009ರ ಡಿಸೆಂಬರಿನಲ್ಲಿ ವೇಲ್ಸ್‌ನ ಚೆಪ್‌ಸ್ಟೋದಲ್ಲಿ ವೆಲ್ಷ್ ನ್ಯಾಷನಲ್ ಎಂಬ ದೊಡ್ಡ ರೇಸ್ ಗೆದ್ದಿತು. ಎಲ್ಲ ಖರ್ಚು ಕಳೆದು ಕೊನೆಗೆ ಒಬ್ಬೊಬ್ಬರಿಗೆ ಉಳಿದದ್ದು ಸುಮಾರು 1,400 ಪೌಂಡ್. ಅಷ್ಟು ವರ್ಷಕ್ಕೆ ಅಷ್ಟೇ. ಅದು ಗೆದ್ದ ಕುದುರೆಯ ಲೆಕ್ಕ. ಗೆಲ್ಲದೇ ಹೋದವು ಎಷ್ಟೋ ಇವೆ.

ನನಗೆ ಗೆಲುವಿಗಿಂತ ಅವರು ಕಾದದ್ದು ಮನಸ್ಸಿಗೆ ಹತ್ತಿತು. 23 ಜನ, ಯಾರ ಹತ್ತಿರವೂ ಜಾಸ್ತಿ ದುಡ್ಡಿಲ್ಲ, ಆದರೂ ಒಂದು ಗಾಯಗೊಂಡ ಪ್ರಾಣಿಯನ್ನು ಮಾರಿ ಕೈ ತೊಳೆದುಕೊಳ್ಳಲಿಲ್ಲ.

ನೀವು ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ನೋಡಿದವರು. ಹತ್ತು ಜನರ ದುಡ್ಡು ಒಂದೇ ಕಡೆ ಸೇರಿದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ನಮ್ಮ ರೈಲಿನವರಿಗೆ ಅದರ ಪೆಟ್ಟು ಮೊದಲೇ ಬಿದ್ದಿತ್ತು. ಹಿಂದೆ ಬೇರೆ ಒಂದು ಗುಂಪಿನಲ್ಲಿ ಪಾಲು ತೆಗೆದುಕೊಂಡಿದ್ದರಂತೆ. ನಡೆಸುವವನು ಲೆಕ್ಕ ತೋರಿಸಲಿಲ್ಲ. ಕುದುರೆ ಕುಂಟುತ್ತಿರುವ ವಿಷಯ ಮೂರು ತಿಂಗಳಾದ ಮೇಲೆ ಗೊತ್ತಾಯಿತು. ಅದನ್ನು ಯಾರಿಗೆ ಮಾರಿದರು ಅಂತ ಇವತ್ತಿಗೂ ಗೊತ್ತಿಲ್ಲ. ಅವರಿಗೆ ದುಡ್ಡು ಹೋದದ್ದಕ್ಕಿಂತ ಆ ಕುದುರೆ ಎಲ್ಲಿದೆಯೋ ಎಂಬ ಸಂಕಟವೇ ಜಾಸ್ತಿ. ಆದ್ದರಿಂದ ಕುದುರೆ ನೋಡುವ ಮೊದಲು ಕರಾರು ಬರೆಯೋಣ ಅಂತ ಅವರೇ ಹಟ ಹಿಡಿದರು. ಇಲ್ಲಿಯ ರೇಸಿಂಗ್ ಪ್ರಾಧಿಕಾರವೂ ಸಿಂಡಿಕೇಟ್ ಅಂದರೆ ಲಿಖಿತ ಕರಾರು ಇರಲೇಬೇಕು ಅನ್ನುತ್ತದೆ. ರೇಸಿಂಗ್ ಕ್ಲಬ್ ಅಂತ ಇನ್ನೊಂದು ಬಗೆ ಇದೆ. ಅದರಲ್ಲಿ ವರ್ಷಕ್ಕಿಷ್ಟು ಕೊಟ್ಟು ಸದಸ್ಯರಾಗಬಹುದು, ಆದರೆ ಕುದುರೆಯಲ್ಲಿ ಪಾಲಿಲ್ಲ. ಅದು ನಮಗೆ ಬೇಡವಾಗಿತ್ತು. ಕುದುರೆಯ ಒಳ್ಳೆಯದು ಕೆಟ್ಟದ್ದು ಎರಡೂ ನಮ್ಮದೇ ಆಗಿರಬೇಕು ಅನಿಸಿತ್ತು.

ಮೂರು ಭಾನುವಾರ ಕೂತು ಬರೆದೆವು. ಒಬ್ಬರು ತಿಂಗಳ ದುಡ್ಡು ಕೊಡದಿದ್ದರೆ? ಅರವತ್ತು ದಿನ ಕಾಯುವುದು, ಆಮೇಲೆ ಪಾಲು ಉಳಿದವರಿಗೆ. ಒಬ್ಬರು ಬಿಟ್ಟು ಹೋಗಬೇಕೆಂದರೆ? ಮೊದಲು ಒಳಗಿನವರನ್ನೇ ಕೇಳಬೇಕು. ದೊಡ್ಡ ಬೆಲೆಗೆ ಯಾರಾದರೂ ಕೇಳಿಕೊಂಡು ಬಂದರೆ? ಹತ್ತರಲ್ಲಿ ಏಳು ಜನ ಒಪ್ಪಬೇಕು. ಇವೆಲ್ಲ ಬೇಗ ಮುಗಿದವು. ಇಡೀ ಒಂದು ಭಾನುವಾರ ತಿಂದದ್ದು ಒಂದೇ ಪ್ರಶ್ನೆ. ಓಡಲು ಆಗದ ದಿನ ಬಂದರೆ ಇದನ್ನು ಏನು ಮಾಡುವುದು?

ಅಂಚೆ ಹುಡುಗ ಮಾರೋಣ ಅಂದ. ತಪ್ಪೇನಲ್ಲ, ಅವನಿಗೆ ಪ್ರತಿ ಪೌಂಡೂ ಮುಖ್ಯ. ಅಜ್ಜಿಯ ಕಣ್ಣಲ್ಲಿ ನೀರು ಬಂತು. ರೇಸ್ ಕುದುರೆ ಓಡುವುದು ಕೆಲವೇ ವರ್ಷ, ಬದುಕುವುದು ಇಪ್ಪತ್ತೈದು ವರ್ಷದ ಮೇಲೂ. ಎರಡೋ ಮೂರೋ ವರ್ಷ ಅದರ ಓಟ ನೋಡಿ ಖುಷಿ ಪಟ್ಟವರು ಉಳಿದ ಇಪ್ಪತ್ತು ವರ್ಷವನ್ನು ಬೇರೆಯವರ ತಲೆಗೆ ಕಟ್ಟುವುದು ಸರಿಯಾ? ಕೊನೆಗೆ ಹೀಗೆ ಬರೆದೆವು. ತಿಂಗಳ ವಂತಿಗೆಯಲ್ಲಿ ಒಂದು ಭಾಗ ಬೇರೆ ಖಾತೆಗೆ ಹೋಗಬೇಕು. ಅದನ್ನು ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ. ಓಟ ನಿಂತ ದಿನ ಅದೇ ದುಡ್ಡಿನಲ್ಲಿ ಕುದುರೆಗೆ ಹೊಸ ಕೆಲಸ ಕಲಿಸಿ, ನೋಡಿ ತಿಳಿದ ಮನೆಗೇ ಕೊಡಬೇಕು. ಇದಕ್ಕಾಗಿಯೇ ಇಲ್ಲಿ 2000ನೇ ಇಸವಿಯಿಂದ ರೀಟ್ರೈನಿಂಗ್ ಆಫ್ ರೇಸ್‌ಹಾರ್ಸಸ್ ಎಂಬ ಸಂಸ್ಥೆ ಇದೆ. ಅಂಚೆ ಹುಡುಗನೂ ಸಹಿ ಹಾಕಿದ. ಆವತ್ತೇ ನನಗೆ ಈ ಹತ್ತು ಜನರ ಮೇಲೆ ನಂಬಿಕೆ ಬಂದದ್ದು.

ಈಗ ದುಡ್ಡಿನ ವಿಷಯ. ಮೊದಲಿಗೆ ಒಬ್ಬೊಬ್ಬರು 2,000 ಪೌಂಡ್ ಹಾಕಿದೆವು. ಅದು ನಾನು ಎರಡು ವರ್ಷ ಕೂಡಿಟ್ಟದ್ದು. ನಿಮಗೆ ಕಳಿಸುವುದರಲ್ಲಿ ಕಡಿಮೆ ಮಾಡಿಲ್ಲ, ಮನೆ ಸಾಲದ ಕಂತೂ ತಪ್ಪಿಲ್ಲ. ತಿಂಗಳಿಗೆ ತಲಾ 240 ಪೌಂಡ್. ಟ್ರೈನರ್ ದಿನಕ್ಕೆ 55 ಪೌಂಡ್ ತೆಗೆದುಕೊಳ್ಳುತ್ತಾರೆ. ಮೇಲೆ ಲಾಳ, ವೆಟ್ (ಪಶುವೈದ್ಯರು), ಸಾಗಣೆ, ರೇಸಿಗೆ ಹೆಸರು ಕೊಡುವ ಶುಲ್ಕ. ಮೂರು ತಿಂಗಳ ಖರ್ಚು ಯಾವಾಗಲೂ ಖಾತೆಯಲ್ಲಿ ಇರಬೇಕು. ಸಣ್ಣ ರೇಸ್ ಗೆದ್ದರೆ ಒಂದೆರಡು ತಿಂಗಳ ಖರ್ಚು ಹೊರಟೀತು, ಅಷ್ಟೇ. ಲಾಭದ ಆಸೆ ತೋರಿಸಿ ಯಾರಾದರೂ ಸಿಂಡಿಕೇಟಿಗೆ ಕರೆದರೆ ಅಲ್ಲಿಂದ ಎದ್ದು ಬರಬೇಕು. ನಾವು ಹತ್ತೂ ಜನ ಈ ದುಡ್ಡು ವಾಪಸ್ ಬರುವುದಿಲ್ಲ ಅಂತ ತಿಳಿದೇ ಹಾಕಿದ್ದೇವೆ. ಸಂಗೀತ ಕಲಿಯುವವರು ಗುರುಗಳಿಗೆ ಕೊಟ್ಟದ್ದನ್ನು ವಾಪಸ್ ಕೇಳುತ್ತಾರಾ?

ಲೆಕ್ಕ ನೋಡಿಕೊಳ್ಳುವವಳು ನಾನೇ ಅಪ್ಪ. ನೀವು ಹೇಳಿಕೊಟ್ಟ ಹಾಗೆ ಆ ದಿನದ ಖರ್ಚು ಆ ದಿನವೇ ಬರೆಯುತ್ತೇನೆ. ಹತ್ತೂ ಜನ ಯಾವಾಗ ಬೇಕಾದರೂ ನೋಡಬಹುದು. ಜನವರಿಯ ಪುಟ ಇದರ ಜೊತೆ ಇಟ್ಟಿದ್ದೇನೆ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ.

ಮರಿ ಕೊಂಡದ್ದು ಅಕ್ಟೋಬರಿನಲ್ಲಿ, ಟ್ಯಾಟರ್ಸಾಲ್ಸ್ ಹರಾಜಿನಲ್ಲಿ. 1766ರಿಂದ ನಡೆಯುತ್ತಿರುವ ಹರಾಜು ಮನೆ ಅದು. ಅಲ್ಲಿ ಇನ್ನೂ ಗಿನಿಯಲ್ಲೇ ಬೆಲೆ ಕೂಗುತ್ತಾರೆ. ಗಿನಿ ನಾಣ್ಯ ನಿಂತು ಇನ್ನೂರು ವರ್ಷದ ಮೇಲಾಯಿತು. ಆದರೂ ಒಂದು ಗಿನಿ ಅಂದರೆ ಒಂದು ಪೌಂಡ್ 5 ಪೆನ್ಸ್ ಅಂತ ಲೆಕ್ಕ. ಲಕ್ಷಗಟ್ಟಲೆ ಗಿನಿಗೆ ಹೋಗುವ ಮರಿಗಳು ಮೊದಲೇ ಹೋಗಿರುತ್ತವೆ. ನಮ್ಮಂಥವರು ಕೊನೆಯ ದಿನಗಳಿಗೆ ಕಾಯಬೇಕು. ಟ್ರೈನರ್ ಒಂದೊಂದನ್ನೂ ಎದುರಿಗೆ ನಡೆಸಿ, ಹಿಂದಿನಿಂದ ನಡೆಸಿ ನೋಡಿದರು. ವೆಟ್ ಗಂಟಲೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ಉಸಿರಿನ ದಾರಿ ನೋಡಿದರು. ಅಲ್ಲಿನ ನರ ಸೋತಿದ್ದರೆ ಓಡುವಾಗ ಗಾಳಿ ಸಾಲದೆ ಗೊರಗೊರ ಸದ್ದು ಬರುತ್ತದಂತೆ.

ನಮ್ಮದು ಹೆಣ್ಣು ಮರಿ. ಕಂದು ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ. ಮುಂದಿನ ಬಲಗಾಲು ಸ್ವಲ್ಪ ಹೊರಕ್ಕೆ ತಿರುಗಿದೆ. ಅದಕ್ಕೇ 8,000 ಗಿನಿಗೆ ನಿಂತಿತು. ಕೂಗುವವರು ಸುತ್ತಿಗೆ ಬಡಿದಾಗ ಅಜ್ಜಿ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬೆರಳು ಜೋಮು ಹಿಡಿದಿತ್ತು. ಅದರ ವಂಶದ ಕಾಗದವೂ ಬಂತು. ರೇಸ್ ಕುದುರೆಗಳ ವಂಶಾವಳಿಯನ್ನು 1791ರಿಂದ ಬರೆದಿಡುತ್ತಿರುವ ಪುಸ್ತಕದ್ದು ಅದು. ಪಾಸ್‌ಪೋರ್ಟೂ ಇದೆ, ಮೈಯಲ್ಲಿ ಮೈಕ್ರೋಚಿಪ್ಪೂ ಇದೆ.

ಹುಟ್ಟಿದ್ದು ಏಪ್ರಿಲ್‌ನಲ್ಲಾದರೂ ಜನವರಿ 1ಕ್ಕೆ ಅವಳಿಗೆ ಎರಡು ವರ್ಷ ತುಂಬಿತು. ಇಲ್ಲಿ ಎಲ್ಲ ರೇಸ್ ಕುದುರೆಗಳಿಗೂ ಅದೇ ಹುಟ್ಟುಹಬ್ಬ. ಮೊದಲು ಉದ್ದ ಹಗ್ಗದಲ್ಲಿ ಸುತ್ತು ಹಾಕಿಸಿದರು. ಆಮೇಲೆ ಬೆನ್ನಿಗೆ ಜೀನು. ಆಮೇಲೆ ಒಬ್ಬ ಹುಡುಗಿ ಮೆಲ್ಲಗೆ ಅದರ ಬೆನ್ನ ಮೇಲೆ ಅಡ್ಡ ಮಲಗಿದಳು. ಒದೆಯಲಿಲ್ಲ, ಕಿವಿ ಮಾತ್ರ ಹಿಂದೆ ತಿರುಗಿಸಿ ಕೇಳಿಸಿಕೊಂಡಿತು. ಈಗ ನಿಧಾನವಾಗಿ ಓಡುತ್ತಾಳೆ. ಎಲುಬು ಇನ್ನೂ ಗಟ್ಟಿಯಾಗಬೇಕು, ಅವಸರ ಮಾಡಿದರೆ ಕಾಲಿನ ಮುಂಭಾಗ ನೋವು ಬರುತ್ತದೆ ಅಂತ ಟ್ರೈನರ್ ಹೇಳಿದರು. ಈ ಬೇಸಿಗೆಯ ಕೊನೆಗೆ ಮೊದಲ ರೇಸ್ ಇರಬಹುದು. ಆಗದಿದ್ದರೆ ಕಾಯುತ್ತೇವೆ.

ಮೋಸದ ವ್ಯವಹಾರ ಇರುತ್ತದೆ ಅಂತಲೂ ನೀವು ಅಂದಿರಂತೆ. ಆ ಭಯ ಸುಳ್ಳಲ್ಲ. ಅದಕ್ಕೇ ಮಾಲೀಕರು ತಮ್ಮ ಕುದುರೆ ಸೋಲುತ್ತದೆ ಅಂತ ಬಾಜಿ ಕಟ್ಟುವಂತಿಲ್ಲ. ಒಳಗಿನ ಸುದ್ದಿ ಮಾರುವಂತಿಲ್ಲ. ನಮ್ಮ ಹತ್ತು ಜನರಿಗೂ ಈ ನಿಯಮ ಅನ್ವಯಿಸುತ್ತದೆ.

ಇನ್ನೊಂದು ಮಾತು ಇದೆ, ಅದನ್ನು ಕೇಳಲೆಂದೇ ಇಷ್ಟು ಬರೆದೆ. ಮರಿಗೆ ಇನ್ನೂ ಹೆಸರಿಟ್ಟಿಲ್ಲ. ಹೆಸರಿಲ್ಲದೆ ರೇಸಿಗೆ ಬಿಡುವುದಿಲ್ಲ. ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನಡುವಿನ ಜಾಗವೂ ಸೇರಿ 18 ಅಕ್ಷರ ಮೀರಬಾರದು. ಹಳೆಯ ಹೆಸರಾಂತ ಕುದುರೆಗಳ ಹೆಸರು ಇಡುವಂತಿಲ್ಲ. ಚೀಟಿ ಎತ್ತಿದಾಗ ಹೆಸರಿಡುವ ಸರದಿ ನನಗೆ ಬಂತು. ಕನ್ನಡದ ಹೆಸರು ಇಡುತ್ತೇನೆ ಅಂದೆ. ಎಲ್ಲರೂ ಒಪ್ಪಿದರು, ಅಜ್ಜಿ ಈಗಲೇ ಕನ್ನಡ ಹೆಸರು ಉಚ್ಚರಿಸುವ ಅಭ್ಯಾಸ ಮಾಡುತ್ತಿದ್ದಾರೆ. ನನಗೂ ತಂಗಿಗೂ ಹೆಸರು ಹುಡುಕಿದವರು ನೀವು. ಇದಕ್ಕೂ ನೀವೇ ಹುಡುಕಿಕೊಡಿ. ಒಂದು ಹೋದರೆ ಇನ್ನೊಂದು ಇರಲಿ, ಮೂರು ಹೆಸರು ಬರೆಯಿರಿ. ಫೋಟೋ ಇಟ್ಟಿದ್ದೇನೆ. ಮಾರ್ಚ್ 20ರೊಳಗೆ ನನ್ನ ಕೈಗೆ ಸಿಗಬೇಕು.

ಅಮ್ಮನಿಗೆ ನಮಸ್ಕಾರ ಹೇಳಿ.

ನಿಮ್ಮ ಪ್ರೀತಿಯ ಮಗಳು