ಕೊಲೆಗಾರ್ತಿಯ ಹೆಸರು ಮೊದಲ ವಾಕ್ಯದಲ್ಲೇ ಇದ್ದಾಗ

ಆತ್ಮೀಯರೇ,

ನಿಮ್ಮ ಪತ್ರವೂ ಅದರ ಜೊತೆಗಿದ್ದ ಹಸ್ತಪ್ರತಿಯೂ ಕೈಸೇರಿವೆ. ಇಂಗ್ಲೆಂಡಿನ ಅಪರಾಧ ಕಾದಂಬರಿಗಾರ್ತಿ ರುತ್ ರೆಂಡೆಲ್ ಅವರ ಕಾದಂಬರಿಗಳನ್ನು ಒಂದರ ಹಿಂದೊಂದು ಓದಿ ಮುಗಿಸಿ, ಆಮೇಲೆ ಓದುಗರು ಅವುಗಳ ಬಗ್ಗೆ ಆಡಿರುವ ಮಾತುಗಳನ್ನೂ ಹುಡುಕಿ ಓದಿದ್ದೀರಿ. ಒಬ್ಬರು ಮೆಚ್ಚಿದ್ದನ್ನೇ ಇನ್ನೊಬ್ಬರು ತೆಗಳಿರುವುದನ್ನು ಕಂಡು ದಿಕ್ಕು ತೋಚದೆ, ಎಲ್ಲರಿಗೂ ಒಪ್ಪಿಗೆಯಾಗಲೆಂದು ನಿಮ್ಮ ಥ್ರಿಲ್ಲರಿನ ಕೊನೆಯ ಅಧ್ಯಾಯಕ್ಕೆ ದೊಡ್ಡದೊಂದು ತಿರುವನ್ನು ಸೇರಿಸಲು ಹೊರಟಿದ್ದೀರಿ. ಆ ತಿರುವನ್ನು ಸದ್ಯಕ್ಕೆ ಬದಿಗಿಡಿ ಎಂದು ಕೇಳಿಕೊಳ್ಳುವುದಕ್ಕೇ ಈ ಪತ್ರ.

ನೀವು ಪ್ರಸ್ತಾಪಿಸಿರುವ 1977ರ ‘ಎ ಜಡ್ಜ್‌ಮೆಂಟ್ ಇನ್ ಸ್ಟೋನ್’ ಕಾದಂಬರಿಯನ್ನೇ ತೆಗೆದುಕೊಳ್ಳೋಣ. ಯೂನಿಸ್ ಪಾರ್ಚ್‌ಮನ್ ಎಂಬ ಮನೆಗೆಲಸದಾಕೆ ಕವರ್‌ಡೇಲ್ ಕುಟುಂಬವನ್ನು ಕೊಂದಳು, ತನಗೆ ಓದುಬರಹ ಬಾರದಿದ್ದದ್ದೇ ಅದಕ್ಕೆ ಕಾರಣ ಎಂದು ಮೊದಲ ವಾಕ್ಯವೇ ಹೇಳಿಬಿಡುತ್ತದೆ. ಕೊಂದವರು ಯಾರು, ಸತ್ತವರು ಯಾರು, ಏಕೆ ಎಂಬ ಮೂರೂ ಪ್ರಶ್ನೆಗಳು ಅಲ್ಲೇ ತೀರಿದವು. ಇನ್ನು ಓದುವುದಕ್ಕೆ ಏನು ಉಳಿಯಿತು ಎಂದು ಮುನಿಸಿಕೊಳ್ಳುವ ಓದುಗರಿದ್ದಾರೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದ ನನ್ನ ತಲೆಮಾರಿನವರಿಗೆ ಈ ಮುನಿಸು ಅರ್ಥವಾಗದ್ದೇನಲ್ಲ. ಆದರೆ ಎಲ್ಲ ಗೊತ್ತಿದ್ದೂ ಪುಟ ತಿರುವಲು ಭಯವಾಯಿತು ಎನ್ನುವವರೂ ಅಷ್ಟೇ ಜೋರಾಗಿ ಮಾತಾಡುತ್ತಾರೆ. ಇವರಲ್ಲಿ ಯಾರು ಸರಿ ಎಂದು ನೀವು ಕೇಳುತ್ತಿದ್ದೀರಿ. ಇಬ್ಬರೂ ಬೆರಳಿಟ್ಟು ತೋರಿಸುತ್ತಿರುವುದು ಒಂದೇ ಜಾಗವನ್ನು ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಆ ಜಾಗವನ್ನು ಹತ್ತಿರದಿಂದ ನೋಡಿ. ತನ್ನ ಗುಟ್ಟು ಬಯಲಾಗದಿರಲೆಂದು ಯೂನಿಸ್ ಪವರೇ ಇಲ್ಲದ ಬರಿಗಾಜಿನ ಕನ್ನಡಕವೊಂದನ್ನು ಇಟ್ಟುಕೊಂಡಿದ್ದಾಳೆ. ಮನೆಯ ಮಗಳು ಮೆಲಿಂಡಾ ಒಂದು ದಿನ ಸಲುಗೆಯಿಂದ ಪತ್ರಿಕೆಯ ಪ್ರಶ್ನಾವಳಿಯೊಂದನ್ನು ಮುಂದಿಟ್ಟು, ಇಬ್ಬರೂ ಸೇರಿ ಉತ್ತರಿಸೋಣ ಎನ್ನುತ್ತಾಳೆ. ಕನ್ನಡಕದ ನಿಜ ತಿಳಿಯುತ್ತದೆ, ಅದರ ಹಿಂದೆಯೇ ಓದು ಬಾರದೆಂಬುದೂ ತಿಳಿಯುತ್ತದೆ. ಹುಡುಗಿ ನಗುವುದಿಲ್ಲ, ನಾನು ಕಲಿಸಿಕೊಡುತ್ತೇನೆ ಎನ್ನುತ್ತಾಳೆ. ಮುಂದಾಗುವುದನ್ನು ಅರಿಯದ ಓದುಗನಿಗೆ ಇದೊಂದು ಮರುಕದ ಸನ್ನಿವೇಶ, ಅಷ್ಟೇ. ಮೊದಲ ವಾಕ್ಯವನ್ನು ಮರೆಯದ ಓದುಗನಿಗೋ, ಆ ಹುಡುಗಿಯ ಬಾಯಿ ಮುಚ್ಚಿಸಬೇಕೆನ್ನಿಸುತ್ತದೆ. ಕೊಲೆಗಾರ್ತಿಯ ಹೆಸರನ್ನು ಬಿಟ್ಟುಕೊಟ್ಟು ರೆಂಡೆಲ್ ಪಡೆದದ್ದು ಇದನ್ನು: ಸಾಧಾರಣ ಒಳ್ಳೆಯತನವೂ ಅಪಾಯವಾಗಿ ಕಾಣುವ ಒಂದು ಮನೆ. ಸಪ್ಪೆ ಎಂದವರು ಕೊಟ್ಟ ಬೆಲೆಯನ್ನು ಮಾತ್ರ ಲೆಕ್ಕ ಹಾಕಿದ್ದಾರೆ.

ಓದು ಬಾರದ್ದನ್ನು ಕೊಲೆಗೆ ಕಾರಣವಾಗಿಸಿದ್ದು ಅನಕ್ಷರಸ್ಥರಿಗೆ ಮಾಡಿದ ಅವಮಾನ ಎಂಬ ಆಕ್ಷೇಪವನ್ನು ಮಾತ್ರ ಹಗುರವಾಗಿ ತಳ್ಳಿಹಾಕಬೇಡಿ. ಹೆಬ್ಬೆಟ್ಟು ಒತ್ತಿಯೇ ಹೊಲಮನೆ ನಿಭಾಯಿಸಿದ ಅಜ್ಜಿಯರನ್ನು ಕಂಡ ನಮಗೆ ಅದು ನೇರವಾಗಿಯೇ ನಾಟುತ್ತದೆ. ಊರಿನ ಬಹುಪಾಲು ಜನ ಹಾಗೆಯೇ ಇದ್ದಾಗ ಅವರಿಗೆ ಮುಚ್ಚಿಡಬೇಕಾದದ್ದೇನೂ ಇರಲಿಲ್ಲ. ಯೂನಿಸ್ ಬದುಕುವುದು 1970ರ ದಶಕದ ಇಂಗ್ಲೆಂಡಿನಲ್ಲಿ, ಪುಸ್ತಕಗಳ ನಡುವೆಯೇ ಉಸಿರಾಡುವ ಒಂದು ಕುಟುಂಬದ ಮನೆಯಲ್ಲಿ. ಅಲ್ಲಿ ಕೆಲಸ ಹೇಳುವ ಚೀಟಿಯೂ ಆಕೆಗೆ ಬೆದರಿಕೆಯೇ. ಈ ನಾಚಿಕೆ ಹೇಗೆ ಹೆಪ್ಪುಗಟ್ಟುತ್ತದೆಂಬುದನ್ನು ತೋರಿಸುವಷ್ಟು ಹೊತ್ತು ಕಾದಂಬರಿ ಅದ್ಭುತವಾಗಿದೆ. ಆದರೆ ಆಕೆಯ ಕಲ್ಲುಮನಸ್ಸಿಗೆಲ್ಲ ಅನಕ್ಷರತೆಯನ್ನೇ ಹೊಣೆಯಾಗಿಸಿ ಲೇಖಕಿ ತೀರ್ಪು ಕೊಡುವ ಸಾಲುಗಳೂ ಅಲ್ಲಲ್ಲಿ ಇವೆ. ಅಲ್ಲಿ ನಾನು ಆಕ್ಷೇಪಿಸಿದವರ ಪಕ್ಷ.

ಪಾತ್ರಗಳಲ್ಲಿ ಒಬ್ಬರನ್ನೂ ಪ್ರೀತಿಸಲಾಗುವುದಿಲ್ಲ ಎಂಬ ದೂರಿಗೆ ನೀವು ಅರ್ಧ ಪುಟ ಕೊಟ್ಟಿದ್ದೀರಿ. ಅದು ಓದುಗರ ಅಭಿರುಚಿಯ ಮಾತು, ಅದರಿಂದ ಕಲಿಯುವುದು ಹೆಚ್ಚೇನಿಲ್ಲ.

ಇನ್ನು ನಿಧಾನಗತಿಯ ದೂರು. 1964ರಿಂದ ಬರುತ್ತಿದ್ದ ರೆಂಡೆಲ್ ಅವರ ಇನ್‌ಸ್ಪೆಕ್ಟರ್ ವೆಕ್ಸ್‌ಫರ್ಡ್ ಪತ್ತೇದಾರಿ ಮಾಲಿಕೆಗೆ ಒಗ್ಗಿಕೊಂಡಿದ್ದವರಲ್ಲಿ ಕೆಲವರಿಗೆ, 1986ರಿಂದ ಬಾರ್ಬರಾ ವೈನ್ ಎಂಬ ಹೆಸರಿನಲ್ಲಿ ಅವರು ಬರೆಯತೊಡಗಿದ ಕಾದಂಬರಿಗಳು ಹಿಡಿಸಲಿಲ್ಲ. ಆ ಹೆಸರಿನ ಮೊದಲ ಪುಸ್ತಕ ‘ಎ ಡಾರ್ಕ್ ಅಡಾಪ್ಟೆಡ್ ಐ’ ಅಪರಾಧ ಸಾಹಿತ್ಯಕ್ಕೆ ಸಲ್ಲುವ ಅಮೆರಿಕದ ಎಡ್ಗರ್ ಪ್ರಶಸ್ತಿ ಪಡೆಯಿತು. ವೆರಾ ಎಂಬಾಕೆಯನ್ನು ಗಲ್ಲಿಗೇರಿಸುವ ಬೆಳಗಿನಿಂದ ಅದು ಆರಂಭವಾಗುತ್ತದೆ, ಅಲ್ಲಿಂದ ಆಕೆಯ ಸೋದರ ಸೊಸೆಯ ನೆನಪುಗಳ ಮೂಲಕ ಹಿಂದಕ್ಕೆ ಸಾಗುತ್ತದೆ. ನೆಂಟರಿಷ್ಟರ ಹೆಸರುಗಳ ಗೋಜಲಿನಲ್ಲಿ ಮೊದಲ ಐವತ್ತು ಪುಟ ದಾಟುವುದು ನನಗೂ ಕಷ್ಟವಾಗಿತ್ತು. ಕಥೆಯ ಕೇಂದ್ರದಲ್ಲಿರುವ ಮಗುವಿನ ತಾಯಿ ನಿಜವಾಗಿ ಯಾರೆಂಬುದನ್ನು ಕೊನೆಗೂ ಖಚಿತಪಡಿಸದೆ ಬಿಟ್ಟಿರುವುದು ಹಲವರನ್ನು ಕೆರಳಿಸುತ್ತದೆ. ಗಮನಿಸಿ, ಹಾಗೆ ಕೆರಳಿದವರು ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿದವರು. ಅರ್ಧಕ್ಕೇ ಕೆಳಗಿಟ್ಟವರ ಬೇಸರವೂ ಮುಗಿಸಿದವರ ಕೋಪವೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ.

ಈಗ ನಿಮ್ಮ ಹಸ್ತಪ್ರತಿ. ಸಹಕಾರಿ ಬ್ಯಾಂಕಿನ ಗುಮಾಸ್ತ ಮಧ್ಯಾಹ್ನದ ಊಟದ ಬಿಡುವಿನಲ್ಲಿ, ರದ್ದಾದ ಚಲನ್‌ಗಳ ಹಿಂಬದಿಯಲ್ಲಿ ಅಣ್ಣನ ಸಹಿಯನ್ನು ಮತ್ತೆ ಮತ್ತೆ ಬರೆದು ಕೈ ಪಳಗಿಸಿಕೊಳ್ಳುವ ನಾಲ್ಕನೆಯ ಅಧ್ಯಾಯ ಬಹಳ ಚೆನ್ನಾಗಿ ಬಂದಿದೆ. ಅಂಥ ಅಣ್ಣನೇ ಇರಲಿಲ್ಲ, ಎಲ್ಲವೂ ಗುಮಾಸ್ತನ ಭ್ರಮೆ ಎಂದು ಕೊನೆಯಲ್ಲಿ ತಿರುಗಿಸಿದರೆ, ಆ ಚಲನ್‌ಗಳ ಮೇಲೆ ಓದುಗ ಇಟ್ಟ ಆತಂಕವೆಲ್ಲ ವ್ಯರ್ಥವಾಗುತ್ತದೆ. ಅಣ್ಣನನ್ನು ಉಳಿಸಿಕೊಳ್ಳಿ. ಸಹಿ ಹಾಕುವುದನ್ನು ಅತ್ತಿಗೆ ಒಮ್ಮೆ ಕಂಡರೂ ಸುಮ್ಮನಿದ್ದಳು ಎಂಬುದನ್ನು ನೀವು ಹನ್ನೊಂದನೆಯ ಅಧ್ಯಾಯದವರೆಗೆ ಬಚ್ಚಿಟ್ಟಿದ್ದೀರಿ. ಅದನ್ನು ಐದಕ್ಕೇ ತಂದು ನೋಡಿ. ಆಮೇಲೆ ಹಸ್ತಪ್ರತಿಯನ್ನು ನಿಮ್ಮ ಹೆಸರು ಕಂಡರೆ ದಾಕ್ಷಿಣ್ಯಪಡದ ಇಬ್ಬರ ಕೈಗೆ ಕೊಡಿ. ಹೇಗಿದೆ ಎಂದು ಕೇಳಬೇಡಿ. ಎಲ್ಲಿ ಓದು ನಿಲ್ಲಿಸಿ ಬೇರೆ ಕೆಲಸಕ್ಕೆ ಎದ್ದರು, ಯಾವ ಪುಟದಲ್ಲಿ ಯಾರ ಮೇಲೆ ಸಂಶಯಪಟ್ಟರು ಎಂಬುದನ್ನು ಪೆನ್ಸಿಲಿನಿಂದ ಅಂಚಿನಲ್ಲೇ ಗುರುತು ಮಾಡಿಸಿಕೊಳ್ಳಿ. ಗುರುತುಗಳಿರುವ ಆ ಪ್ರತಿಯನ್ನೇ ನನಗೆ ಕಳುಹಿಸಿದರೆ ಅನುಕೂಲ, ಹೊಸದಾಗಿ ಟೈಪ್ ಮಾಡಿಸುವ ಖರ್ಚು ಬೇಡ.

ಇಂತಿ,
ನಿಮ್ಮ ಹಿತೈಷಿ